ಜೀನ್ ಅಂದ್ರೆ ಜಾತಕ ಅಲ್ಲ ಸ್ವಾಮಿ!

"ಆ ಜನಕ್ಕೆ ಗಣಿತ ಜೀನ್‌ನಲ್ಲೇ ಇದೆ ಕಣ್ರೀ, ಈ ಹುಡುಗರಿಗೆಲ್ಲಿ ಬರುತ್ತೆ?" ಅನ್ನೋ ಮಾತು ಕೇಳಿದ್ರೆ ನಂಗೆ ಮೈ ಉರಿಯುತ್ತೆ.

ಜೀನ್ ಅಂದ್ರೆ ಡಿಎನ್‌ಎಯ ಒಂದು ತುಂಡು. ಸಾಮಾನ್ಯವಾಗಿ ಅದರಲ್ಲಿರೋದು ಪ್ರೋಟೀನ್ ಕಟ್ಟೋ ಕ್ರಮ. ಅದರ ನಕಲು ಆರ್‌ಎನ್‌ಎ ರೂಪದಲ್ಲಿ ರೈಬೋಸೋಮಿಗೆ ಹೋಗುತ್ತೆ. ಅಲ್ಲಿ ಮೂರು ಅಕ್ಷರಕ್ಕೊಂದರಂತೆ ಅಮೈನೋ ಆಮ್ಲ ಪೋಣಿಸೋ ಕೆಲಸ.

ಆ ಕ್ರಮ ತಪ್ಪಿದ್ರೂ ಹಣೆಬರಹ ಮುಗೀಲಿಲ್ಲ. ಫೀನೈಲ್‌ಕೀಟೋನ್ಯೂರಿಯಾದಲ್ಲಿ ಒಂದು ಜೀನ್ ಕೆಟ್ಟು, ಬೇಕಾದ ಕಿಣ್ವ ಸರಿಯಾಗಿ ತಯಾರಾಗಲ್ಲ. ಹಾಗೇ ಬಿಟ್ರೆ ಬುದ್ಧಿ ಬೆಳೆಯೋದೇ ಕುಂಠಿತ. ಹುಟ್ಟಿದ ಕೆಲವೇ ದಿನಗಳಲ್ಲಿ ಪತ್ತೆಹಚ್ಚಿ ಪಥ್ಯ ಶುರುಮಾಡಿದ್ರೆ ಮಗು ಎಲ್ಲರಂತೆ ಓದುತ್ತೆ. ಜೀನ್ ಅದೇ, ಊಟ ಬೇರೆ!

ಹಾಗಿರೋವಾಗ ಯಾರದೋ ಮಗುವನ್ನ ಹಿಂದಿನ ಬೆಂಚಿಗೆ ತಳ್ಳಿ ತಪ್ಪನ್ನ ಜೀನ್ ಮೇಲೆ ಹಾಕೋದು ಹಳೇ ಜಾತಿಮಾತೇ... ಈಗ ಬಿಳಿ ಕೋಟು ಹಾಕ್ಕೊಂಡಿದೆ ಅಷ್ಟೆ. ಏನಂತೀರಿ?