ಆಪರೇಷನ್ ಯಾಕೆ ಅವಳಿಗೇ?

ಎರಡನೇ ಹೆರಿಗೆ ಆದ ಕೂಡಲೇ ನಮ್ಮ ಹಳ್ಳಿಗಳಲ್ಲಿ ಕೇಳಿಬರುವ ಮಾತು, ‘ಆಪರೇಷನ್ ಯಾವಾಗ?’ ಯಾರಿಗೆ ಎಂದು ಯಾರೂ ಕೇಳುವುದಿಲ್ಲ. ಹೆಂಡತಿಗೇ ಎಂಬುದು ಎಲ್ಲರಿಗೂ ಗೊತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ವಿವಾಹಿತ ಮಹಿಳೆಯರಲ್ಲಿ ಶೇ 37.9ರಷ್ಟು ಮಂದಿ ಸಂತಾನಹರಣ ಚಿಕಿತ್ಸೆ ಮಾಡಿಸಿಕೊಂಡಿದ್ದಾರೆ. ಗಂಡನೇ ಮಾಡಿಸಿಕೊಂಡಿರುವುದು ಶೇ 0.3 ಮಾತ್ರ.

ಹೆಣ್ಣಿಗಾದರೆ ಹೊಟ್ಟೆ ಕೊಯ್ಯಬೇಕು. ಗಂಡಸಿನ ಹೊಟ್ಟೆ ಮುಟ್ಟುವುದೇ ಇಲ್ಲ. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ವೃಷಣಚೀಲದಲ್ಲಿ ಸಣ್ಣ ತೂತು ಮಾಡಿ, ವೀರ್ಯಾಣು ಸಾಗುವ ನಾಳಗಳನ್ನು ಕತ್ತರಿಸಿ ಕಟ್ಟುತ್ತಾರೆ. ಈ ವಿಧಾನದಲ್ಲಿ ಹೊಲಿಗೆ ಹಾಕುವುದಿಲ್ಲ. ಅದೇ ದಿನ ಮನೆಗೆ ಬರಬಹುದು.

‘ಶಕ್ತಿ ಹೋಗುತ್ತೆ, ಗಂಡಸುತನ ಹೋಗುತ್ತೆ’ ಎಂಬುದು ಸುಳ್ಳು. ಗಂಡಸಿನ ಹಾರ್ಮೋನು ಹರಿಯುವುದು ರಕ್ತದಲ್ಲಿ, ಆ ನಾಳದಲ್ಲಲ್ಲ. ಕೆಲವು ದಿನ ಭಾರ ಎತ್ತಬಾರದು. ಮೂರು ತಿಂಗಳು ಕಾಂಡೋಮ್ ಬಳಸಿ, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಬೇಕು.

ತುರ್ತುಪರಿಸ್ಥಿತಿಯ ಕಾಲದ ಬಲವಂತ ಬಿಟ್ಟುಹೋದ ಭಯ ಸಣ್ಣದಲ್ಲ. ಆದ್ದರಿಂದ ಒತ್ತಾಯ ಬೇಡ. ನಾಳವನ್ನು ಮತ್ತೆ ಜೋಡಿಸಿದರೂ ಮಕ್ಕಳಾಗುವ ಖಾತರಿ ಇಲ್ಲ. ಇಬ್ಬರೂ ಕೂತು ಮಾತಾಡಿಯೇ ತೀರ್ಮಾನಿಸಬೇಕು. ಆದರೆ ಎರಡು ಹೆರಿಗೆಯ ನೋವುಂಡವಳನ್ನು ಮತ್ತೆ ಆಸ್ಪತ್ರೆ ಮಂಚ ಹತ್ತಿಸುವ ಮೊದಲು ‘ನಾನೇ ಮಾಡಿಸ್ಕೊಳ್ಳಲಾ?’ ಎಂದು ಗಂಡ ಒಮ್ಮೆಯಾದರೂ ಕೇಳಲಿ.