ಉತ್ತರ ಮೊದಲೇ ಗೊತ್ತಿದ್ದ ಪ್ರಯೋಗ

ಕಳೆದ ಶನಿವಾರ ಕಾಪೆಲ್‌ನಲ್ಲಿ ನಮ್ಮ ಮೂರನೇ ಮನೆಯ ಹಾಸನದವರ ಹುಡುಗ ಒಂದು ನೋಟ್‌ಬುಕ್ ಹಿಡ್ಕೊಂಡು ಬಂದ. "ಅಂಕಲ್, ನೀವು ಇಂಜಿನಿಯರಿಂಗ್‌ನಲ್ಲಿ ಟೈಟ್ರೇಶನ್ ಮಾಡಿದೀರಲ್ವಾ?" (ಇನ್ನೂ ಮೂವತ್ತಾಗಿಲ್ಲ ನನಗೆ, ಆದ್ರೂ ಅಂಕಲ್. ಇರ್ಲಿ ಬಿಡಿ.) ಹೈಸ್ಕೂಲಲ್ಲಿ ಎ.ಪಿ. ಕೆಮಿಸ್ಟ್ರಿ ತಗೊಂಡಿದಾನೆ. ಮನೆ ನಲ್ಲಿಯ ನೀರಿನ ಗಡಸುತನ ಅಳೆದಿದ್ದ. ನಗರದವರು ಪ್ರತಿವರ್ಷ ಕೊಡೋ ನೀರಿನ ವರದಿಯಲ್ಲಿ ಇರೋದಕ್ಕಿಂತ ಇವನ ಲೆಕ್ಕ ಸುಮಾರು ಹನ್ನೆರಡು ಪರ್ಸೆಂಟ್ ಜಾಸ್ತಿ ಬಂದಿತ್ತು. ಯಾಕೆ ಅಂತ ಅವನು ವಿವರಿಸಬೇಕಂತೆ. ಮಾರ್ಕ್ಸ್ ಇರೋದು ಅದಕ್ಕೇ.

ನನ್ನ ಬಾಯಿಗೆ ಬಂದ ಮೊದಲ ಉತ್ತರ ಏನು ಗೊತ್ತಾ? "ರೀಡಿಂಗ್ ಸ್ವಲ್ಪ ಕಮ್ಮಿ ಬರಕೋ." ಪುಣ್ಯಕ್ಕೆ ನುಂಗಿಕೊಂಡೆ.

ನಾನು ಕಲಿತಿದ್ದು ಹಾಗೇನೇ. ಪಿಯುಸಿಯಲ್ಲಿ ಕೆಮಿಸ್ಟ್ರಿ ಪ್ರಾಕ್ಟಿಕಲ್ಸ್‌ಗೆ ಮೂವತ್ತು ಮಾರ್ಕ್ಸು. ಸಾಲ್ಟ್ ಅನಾಲಿಸಿಸ್ ದಿನ ಅಟೆಂಡರ್ ಕಣ್ಸನ್ನೆಯಲ್ಲೇ ಸಾಲ್ಟ್ ಯಾವುದು ಅಂತ ಗೊತ್ತಾಗಿಬಿಡ್ತಿತ್ತು, ಆಮೇಲೆ ಬ್ರೌನ್ ರಿಂಗ್ ಬಂದರೆಷ್ಟು ಬಿಟ್ಟರೆಷ್ಟು! ಇಂಜಿನಿಯರಿಂಗ್ ಮೊದಲ ವರ್ಷದ ವಿಟಿಯು ಲ್ಯಾಬಲ್ಲಿ ಹಿತ್ತಾಳೆಯಲ್ಲಿ ತಾಮ್ರ ಎಷ್ಟಿದೆ ಅಂತ ಕಂಡುಹಿಡಿಯೋ ಪ್ರಯೋಗ ಇತ್ತು. ಹಿತ್ತಾಳೆಯ ಒಂದು ಚೂರನ್ನೂ ನಾನು ಕಣ್ಣಲ್ಲಿ ನೋಡಲಿಲ್ಲ. ಬಾಟಲಿಯಲ್ಲಿ ಕರಗಿಸಿಟ್ಟ ನೀಲಿ ದ್ರಾವಣ, ಸೀನಿಯರ್‌ನ ರೆಕಾರ್ಡ್ ಪುಸ್ತಕ, ಅದರಲ್ಲಿದ್ದ ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ಬರೆದ ಬ್ಯೂರೆಟ್ ರೀಡಿಂಗು. ಮೂರೂ ರೀಡಿಂಗ್ ಒಂದೇ ಥರ ಬರೀಬಾರದು, ಒಂದರಲ್ಲಿ 0.1 ಹೆಚ್ಚುಕಮ್ಮಿ ಇರಲಿ, ಅನ್ನೋ ಜಾಣತನವೂ ಸೀನಿಯರ್‌ದೇ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಇದಕ್ಕೆ ಔಟ್‌ಪುಟ್ ಹಾರ್ಡ್‌ಕೋಡ್ ಮಾಡೋದು ಅಂತಾರೆ. ಆಫೀಸಲ್ಲಿ ಹಾಗೆ ಮಾಡಿದ್ರೆ ಕೆಲಸ ಹೋಗುತ್ತೆ. ಲ್ಯಾಬಲ್ಲಿ ನನಗೆ ಫುಲ್ ಮಾರ್ಕ್ಸ್ ಬಂತು.

ತಮಾಷೆ ಅಂದ್ರೆ, ಎ.ಪಿ. ಪಟ್ಟಿಯಲ್ಲೂ ಹಿತ್ತಾಳೆ-ತಾಮ್ರದ ಪ್ರಯೋಗ ಇದೆ, ಗಡಸು ನೀರಿನದ್ದೂ ಇದೆ. 2013-14ರಲ್ಲಿ ಆ ಕೋರ್ಸನ್ನು ಬದಲಾಯಿಸಿದಾಗ ಕನಿಷ್ಠ 16 ಪ್ರಯೋಗ, ಅದರಲ್ಲಿ ಆರಾದರೂ ಮಕ್ಕಳೇ ವಿಧಾನ ಯೋಚಿಸಿ ಮಾಡೋಂಥವು ಇರಬೇಕು ಅಂತ ಮಾಡಿದರು. ಹಣ್ಣಿನ ರಸದಲ್ಲಿ ಆಸಿಡ್ ಎಷ್ಟು, ಮೆಡಿಕಲ್ ಸ್ಟೋರಿನ ಹೈಡ್ರೋಜನ್ ಪೆರಾಕ್ಸೈಡ್ ಬಾಟಲಿ ಮೇಲೆ ಬರೆದಿರೋದು ನಿಜವಾ, ಹೀಗೆ. ನಮ್ಮ ಪ್ರಯೋಗಕ್ಕೂ ಇವರದ್ದಕ್ಕೂ ರಸಾಯನಶಾಸ್ತ್ರದಲ್ಲಿ ದೊಡ್ಡ ವ್ಯತ್ಯಾಸ ಏನಿಲ್ಲ. ಪ್ರಶ್ನೆ ಕೇಳೋ ರೀತಿ ಬೇರೆ ಅಷ್ಟೆ.

ಹುಡುಗನ ಕಥೆಗೆ ಬರ್ತೀನಿ. ಇಬ್ಬರೂ ಕೂತು ಹುಡುಕಿದ್ವಿ. ಅವನು ವೈನ್ ಬಣ್ಣ ನೀಲಿಗೆ ತಿರುಗೋವರೆಗೂ ಇ.ಡಿ.ಟಿ.ಎ. ಬಿಟ್ಟಿದ್ದ, ಪಿಎಚ್ 10ರ ಬಫರ್ ಹಾಕಿದ್ದ, ಎಲ್ಲಾ ಸರಿ. ಆದ್ರೆ ಬಾಟಲಿ ಮೇಲಿನ ಸಾಂದ್ರತೆಯನ್ನು ಹಾಗೇ ನಂಬಿದ್ದ. ಇ.ಡಿ.ಟಿ.ಎ. ಬರೆದಿರೋದಕ್ಕಿಂತ ತೆಳುವಾಗಿದ್ದರೆ ಜಾಸ್ತಿ ಮಿಲಿ ಲೀಟರ್ ಕುಡಿಯುತ್ತೆ, ಉತ್ತರ ಮೇಲಕ್ಕೆ ಹೋಗುತ್ತೆ. ಸೋಮವಾರ ಸ್ಕೂಲಲ್ಲಿ ಗೊತ್ತಿರೋ ಕ್ಯಾಲ್ಸಿಯಂ ದ್ರಾವಣದ ಜೊತೆ ತಾಳೆ ನೋಡಿದ. ವ್ಯತ್ಯಾಸದಲ್ಲಿ ಅರ್ಧ ಹೋಯಿತು. ಉಳಿದರ್ಧ ಹಾಗೇ ಇದೆ. ನಗರದವರದ್ದು ವರ್ಷದ ಲೆಕ್ಕ, ಇವನದ್ದು ಒಂದು ನಲ್ಲಿಯ ಒಂದು ದಿನದ ನೀರು. ಹಾಗಂತಲೇ ಬರೆದುಕೊಟ್ಟನಂತೆ. ನಾಲ್ಕು ವರ್ಷದ ಬಿ.ಇ. ನನಗೆ ಹೇಳಿಕೊಡದೇ ಇದ್ದದ್ದನ್ನ ಹದಿನಾರರ ಹುಡುಗ ಹೇಳಿಕೊಟ್ಟ.

ಅಮೆರಿಕದ್ದೆಲ್ಲಾ ಚಿನ್ನ ಅಂತ ನಾನು ಹೇಳ್ತಿಲ್ಲ. ಎಲ್ಲಾ ಕಿಟ್‌ನಲ್ಲಿ ಬರುತ್ತೆ, ಅಳತೆ ಮಾಡಿಟ್ಟ ಪುಡಿ ಸಮೇತ. ಇಲ್ಲಿನ ನಮ್ಮ ದೇಸಿ ಅಪ್ಪಂದಿರು ಮಗನ ಲ್ಯಾಬ್ ರಿಪೋರ್ಟ್ ತಾವೇ ತಿದ್ದಿಕೊಡೋದನ್ನೂ ನೋಡಿದೀನಿ. ನಮ್ಮಲ್ಲಿ ಒಂದು ಬ್ಯಾಚಿಗೆ ಎಷ್ಟು ಹುಡುಗರು, ಬ್ಯೂರೆಟ್ ಎಷ್ಟು ಅನ್ನೋದೂ ಗೊತ್ತು. ಸಿಇಟಿ, ನೀಟ್‌ನಲ್ಲಿ ಬ್ಯೂರೆಟ್ ಹಿಡಿಯೋ ಪ್ರಶ್ನೆ ಬರಲ್ಲ, ಹಾಗಾಗಿ ಯಾರಿಗೂ ಅದು ಬೇಕಾಗಿಲ್ಲ.

ಆದ್ರೆ ನನಗೆ ಹೊಟ್ಟೆ ಉರಿಯೋದು ಬೇರೆ ವಿಷಯಕ್ಕೆ. ನಮ್ಮಜ್ಜಿ ಊರು ಪಾವಗಡದ ಕಡೆ. ಅಜ್ಜಿಯ ಹಲ್ಲು ಕಂದು, ಗೆರೆಗೆರೆ. ಎಲೆಅಡಿಕೆಯಿಂದ ಅಂತ ನಾವೆಲ್ಲಾ ತಮಾಷೆ ಮಾಡ್ತಿದ್ವಿ. ಊರಿನ ಮಕ್ಕಳ ಹಲ್ಲೂ ಹಾಗೇ ಇತ್ತು, ಅವರೇನು ಎಲೆ ಹಾಕ್ತಿದ್ರಾ? ಅದು ಬೋರ್‌ವೆಲ್ ನೀರಿನ ಫ್ಲೋರೈಡು. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಅನ್ನುತ್ತೆ ನಮ್ಮ ದೇಶದ ಮಾನಕ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯ ಎಷ್ಟೋ ಬೋರ್‌ವೆಲ್‌ಗಳು ಇದನ್ನ ದಾಟುತ್ತವೆ. ಹಲ್ಲಿಗೇ ನಿಲ್ಲಲ್ಲ, ವರ್ಷಗಟ್ಟಲೆ ಹೆಚ್ಚಾಗಿ ಕುಡಿದರೆ ಮೂಳೆ, ಕೀಲುಗಳಿಗೂ ಇಳಿಯುತ್ತೆ. ಕಾಯಿಸಿದರೂ ಹೋಗಲ್ಲ, ನೀರು ಆವಿಯಾಗಿ ಇನ್ನಷ್ಟು ಗಟ್ಟಿಯಾಗುತ್ತೆ.

ಇದನ್ನ ಅಳೆಯೋದು ರಾಕೆಟ್ ಬಿಡೋ ಕೆಲಸ ಅಲ್ಲ. ಜಿರ್ಕೋನಿಯಂ ಸೇರಿಸಿದ ಒಂದು ಬಣ್ಣಕ್ಕೆ ನೀರು ಹಾಕಿದರೆ ಫ್ಲೋರೈಡು ಆ ಜಿರ್ಕೋನಿಯಂ ಕಿತ್ತುಕೊಳ್ಳುತ್ತೆ, ಬಣ್ಣ ಇಳಿಯುತ್ತೆ. ಎಷ್ಟು ಇಳಿಯಿತು ಅಂತ ಕಲರಿಮೀಟರ್‌ನಲ್ಲಿ ನೋಡೋದು. ತಾಮ್ರ ಅಳೆಯೋಕೆ ಅಂತ ನಮ್ಮ ಕಾಲೇಜಲ್ಲಿ ಆ ಕಲರಿಮೀಟರ್ ಇತ್ತು! ಗಡಸುತನದ ಪ್ರಯೋಗಕ್ಕೂ ನೀರು ಇತ್ತು, ಲ್ಯಾಬಲ್ಲೇ ಉಪ್ಪು ಕರಗಿಸಿ ಮಾಡಿದ್ದು. ನಮ್ಮ ಬ್ಯಾಚಲ್ಲಿ ಪಾವಗಡ, ಶಿರಾ, ಮಧುಗಿರಿ ಹುಡುಗರೇ ಹತ್ತು ಜನ ಇದ್ವಿ. ಊರಿಂದ ಒಂದೊಂದು ಬಾಟಲಿ ನೀರು ತನ್ನಿ ಅಂತ ಯಾರೂ ಹೇಳಲಿಲ್ಲ. ನಮಗೂ ಹೊಳೀಲಿಲ್ಲ, ಅದನ್ನೂ ಒಪ್ಪಿಕೊಳ್ತೀನಿ.

ಈಗ ಊರೂರಲ್ಲಿ ನಾಣ್ಯ ಹಾಕಿದರೆ ಕ್ಯಾನ್ ತುಂಬೋ ಶುದ್ಧ ನೀರಿನ ಘಟಕಗಳಿವೆ. ಒಳ್ಳೇದೇ. ಆದ್ರೆ ಒಳಗಿನ ಮೆಂಬ್ರೇನ್ ಹಳತಾದ್ರೆ ಫ್ಲೋರೈಡ್ ಮತ್ತೆ ದಾಟಿ ಬರುತ್ತೆ, ರುಚಿಯಲ್ಲಿ ಗೊತ್ತೂ ಆಗಲ್ಲ. ಪಕ್ಕದ ಪಿಯು ಕಾಲೇಜಿನ ಸೈನ್ಸ್ ಮಕ್ಕಳು ತಿಂಗಳಿಗೊಂದು ಸಲ ಒಳಗೆ ಹೋಗೋ ನೀರು, ಹೊರಗೆ ಬರೋ ನೀರು ಎರಡನ್ನೂ ಅಳೆದು ಘಟಕದ ಗೋಡೆ ಮೇಲೆ ಬರೆದರೆ? ಆ ಉತ್ತರ ಸೀನಿಯರ್ ರೆಕಾರ್ಡಲ್ಲಿ ಇರಲ್ಲ, ಲೆಕ್ಚರರ್‌ಗೂ ಗೊತ್ತಿರಲ್ಲ. ಮಕ್ಕಳ ಅಳತೆ ತಪ್ಪಬಹುದು, ಒಪ್ಪಿದೆ. ಅನುಮಾನ ಬಂದರೆ ಜಿಲ್ಲಾ ಲ್ಯಾಬಿಗೆ ಕಳಿಸಿ ತಾಳೆ ನೋಡಲಿ, ಕಾಪೆಲ್ ಹುಡುಗ ಮಾಡಿದ್ದೂ ಅದನ್ನೇ ಅಲ್ವಾ?

ಮೊನ್ನೆ ಫೋನಲ್ಲಿ ಅಜ್ಜಿಗೆ ಇದನ್ನೆಲ್ಲಾ ಹೇಳಿದೆ. ಸುಮ್ಮನೆ ಕೇಳಿಸಿಕೊಂಡು, "ಅಲ್ಲೋ, ಕಾಲೇಜಲ್ಲಿದ್ದಾಗ ಯಾಕೋ ನೋಡ್ಲಿಲ್ಲ?" ಅಂದ್ಲು. ಡಿಸೆಂಬರಲ್ಲಿ ಊರಿಗೆ ಹೋಗ್ತಿದೀನಿ. ತುಮಕೂರು ಕಡೆಯ ಕೆಮಿಸ್ಟ್ರಿ ಲೆಕ್ಚರರ್ ಯಾರಾದ್ರೂ ಇದನ್ನ ಓದ್ತಿದ್ದರೆ, ರಾಸಾಯನಿಕದ ಖರ್ಚು ನನ್ನದು, ನೀರಿನ ಬಾಟಲಿ ಹೊತ್ತು ತರೋದೂ ನನ್ನದೇ.