ಗೋಡೆಯ ಮೇಲಿನ ಕಣ್ಣು

ಅರವತ್ತಕ್ಕೆ ಅರಳುಮರಳು ಎಂಬ ಗಾದೆ ಕಟ್ಟಿದವರು ಮನೆಯ ಹೆಂಗಸರಿಗೆ ದೊಡ್ಡ ಅನ್ಯಾಯ ಮಾಡಿದ್ದಾರೆ. ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಎಂದುಬಿಟ್ಟರೆ ವೈದ್ಯರೂ ಬೇಡ, ನೆರವೂ ಬೇಡ. ಸೊಸೆಯ ಸಹನೆಯೊಂದಿದ್ದರೆ ಸಾಕು! ಆದರೆ ಡಿಮೆನ್ಷಿಯಾ ಬರೀ ಮುಪ್ಪಲ್ಲ, ಮೆದುಳಿನ ಕಾಯಿಲೆ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದರ ಅಂದಾಜಿನಂತೆ ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಶೇಕಡಾ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಈ ಕಾಯಿಲೆಯಿದೆ. ಜಗತ್ತಿನಾದ್ಯಂತ ಇಂಥವರ ಆರೈಕೆಗೆ ಮನೆಯವರು ವ್ಯಯಿಸುವ ಹೊತ್ತಿನಲ್ಲಿ ಶೇಕಡಾ 70 ಪಾಲು ಹೆಂಗಸರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಈಗ ಇದಕ್ಕೆಲ್ಲ ತಂತ್ರಜ್ಞಾನವೇ ಪರಿಹಾರವಂತೆ. ಆ ಪರಿಹಾರ ನಮ್ಮ ಮನೆಗೂ ಬಂತು. ಅತ್ತೆಯವರಿಗೆ ಮರೆವು ಬಲಿತ ಮೇಲೆ, ದೂರದೂರಿನಲ್ಲಿರುವ ಮೈದುನ ಪ್ರೀತಿಯಿಂದಲೇ ಅವರ ಕೋಣೆಗೆ ಕ್ಯಾಮೆರಾ ಹಾಕಿಸಿದ. ಅಂದಿನಿಂದ ಶುರುವಾಯಿತು ಫೋನು: “ಅತ್ತಿಗೆ, ಅಮ್ಮನ ಊಟ ಇವತ್ತು ತಡವಾಯಿತಲ್ಲ?” “ಅತ್ತಿಗೆ, ಹೊದಿಕೆ ಜಾರಿದೆ ನೋಡಿ.” ಒಂದು ಸಂಜೆ ಕ್ಯಾಮೆರಾದ ಮೂಲಕವೇ “ಅಮ್ಮಾ” ಎಂದು ಕೂಗಿದ. ಮಗ ಬಂದನೆಂದು ಅತ್ತೆಯವರು ಬೀರುವಿನ ಹಿಂದೆ, ಮಂಚದ ಕೆಳಗೆಲ್ಲ ಹುಡುಕಿದರು. ಆ ರಾತ್ರಿ ಅವರೂ ಮಲಗಲಿಲ್ಲ, ನಾನೂ ಮಲಗಲಿಲ್ಲ. ಬೆಳಿಗ್ಗೆ ಎಂಟನೇ ತರಗತಿಗೆ ಪಾಠ ಮಾಡಬೇಕಿತ್ತು. ಅದೊಂದು ಮಾತ್ರ ಆ ಕ್ಯಾಮೆರಾಕ್ಕೆ ಕಾಣಲಿಲ್ಲ.

ಯಂತ್ರವನ್ನು ನಾನು ದೂರುತ್ತಿಲ್ಲ. ದೂರವಿರುವವರು ಅದನ್ನು ಹಿಡಿದುಕೊಂಡು ಮೇಲ್ವಿಚಾರಕರಾಗುತ್ತಾರೆ, ಪಾಲುದಾರರಾಗುವುದಿಲ್ಲ ಎಂಬುದೇ ನನ್ನ ತಕರಾರು.

ಅದೇ ಫೋನು ನೋಡಿಕೊಳ್ಳುವವಳ ಕೆಲಸಕ್ಕೂ ಬಂದೀತು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿಗೆ, ಅಂದರೆ 14416ಕ್ಕೆ, ಹಗಲಿರುಳೆನ್ನದೆ ಖರ್ಚಿಲ್ಲದೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ರೋಗಿಯ ಸಲುವಾಗಿಯೇ ಆಗಬೇಕೆಂದಿಲ್ಲ. ಸೋತು ಕುಸಿದವಳು ತನಗಾಗಿಯೂ ಮಾಡಬಹುದು. ಮುಸ್ಸಂಜೆಯಲ್ಲಿ ಹಿರಿಯರು “ನಮ್ಮ ಮನೆಗೆ ಹೋಗೋಣ” ಎಂದು ಹಟ ಹಿಡಿದಾಗ ವಾದಿಸಬೇಡಿ, ಮಾತನ್ನು ಬೇರೆ ಕಡೆ ತಿರುಗಿಸಿ ಎಂದು ತಿಳಿದವರೊಬ್ಬರು ಹೇಳಿಕೊಟ್ಟರೆ ಎಷ್ಟೋ ಕಣ್ಣೀರು ಉಳಿಯುತ್ತದೆ. ಆ ಹಟದ ಎರಡು ನಿಮಿಷದ ವಿಡಿಯೊ ತೋರಿಸಿದರೆ, ನಾವು ಬಾಯಲ್ಲಿ ಹೇಳಲಾರದ್ದು ವೈದ್ಯರಿಗೆ ತಿಳಿಯುತ್ತದೆ. ಒಂದೆರಡು ದಿನದಲ್ಲೇ ಗಲಿಬಿಲಿ ಏಕಾಏಕಿ ಹೆಚ್ಚಿದರೆ ಮಾತ್ರ ಫೋನು ಸಾಲದು. ಮೂತ್ರದ ಸೋಂಕಿನಿಂದಲೂ ಹಾಗಾಗುತ್ತದೆ, ವೈದ್ಯರು ಎದುರಿಗೇ ಪರೀಕ್ಷಿಸಬೇಕು.

ಆರೈಕೆ ಮಾಡುವವರಿಗೆಂದೇ ವಿಶ್ವ ಆರೋಗ್ಯ ಸಂಸ್ಥೆ ‘ಐಸಪೋರ್ಟ್’ ಎಂಬ ಅಂತರ್ಜಾಲ ಪಾಠಗಳನ್ನು ರೂಪಿಸಿದೆ. ಭಾರತದಲ್ಲಿ ಅವನ್ನು ಪ್ರಯೋಗಿಸಿ ನೋಡಿದಾಗ ಬಹಳ ಮಂದಿ ಅರ್ಧಕ್ಕೇ ಬಿಟ್ಟರೆಂದು 2021ರಲ್ಲಿ ವರದಿಯಾಯಿತು. ನನಗೇನೂ ಆಶ್ಚರ್ಯವಾಗಲಿಲ್ಲ. ಒದ್ದೆ ಹಾಸಿಗೆ ತೆಗೆದು, ಸ್ನಾನ ಮಾಡಿಸಿ, ತುತ್ತು ತಿನ್ನಿಸುವವಳಿಗೆ ಪಾಠ ಸಿಕ್ಕಿತು, ಸರಿ. ಕುಳಿತು ಓದಲು ಒಂದು ಗಂಟೆ ಬಿಡುವನ್ನು ಯಾರು ಕೊಟ್ಟರು?

ದೂರವಿರುವ ಗಂಡುಮಕ್ಕಳೇ, ಹೆಣ್ಣುಮಕ್ಕಳೇ, ಕೊಡಬೇಕಾದವರು ನೀವು. ಕುಳಿತಲ್ಲಿಂದಲೇ ಮಾತ್ರೆ, ಡಯಾಪರ್ ತರಿಸುವ ಹೊಣೆ ಹೊರಿ. ವೈದ್ಯರ ಭೇಟಿಯನ್ನು ನೀವೇ ಗೊತ್ತುಮಾಡಿ. ವಾರದಲ್ಲಿ ಎರಡು ಮಧ್ಯಾಹ್ನ ಸಹಾಯಕಿಯೊಬ್ಬಳು ಬರುವಂತೆ ಏರ್ಪಾಡು ಮಾಡಿ, ಅವಳ ಸಂಬಳ ಕಳಿಸಿ. ವರ್ಷಕ್ಕೆ ಹದಿನೈದು ದಿನ ರಜೆ ಹಾಕಿ ಬಂದು ನೀವೇ ನೋಡಿಕೊಳ್ಳಿ. ಕ್ಯಾಮೆರಾ ತೋರಿಸದ ಸಂಗತಿಗಳೂ ಆಗ ಕಾಣುತ್ತವೆ.

ಓದುತ್ತಿರುವ ಅಕ್ಕತಂಗಿಯರಿಗೂ ಒಂದು ಮಾತು. ಇದನ್ನೆಲ್ಲ ಬಾಯಿಬಿಟ್ಟು ಕೇಳಿ. ಕೇಳಿದರೆ ಕೆಟ್ಟ ಸೊಸೆಯೆಂಬ ಹೆಸರು ಬಂದೀತು. ಬರಲಿ. ಕೇಳದೆ ಹೋದರೆ ಒಂದೇ ಮನೆಯಲ್ಲಿ ಇಬ್ಬರು ರೋಗಿಗಳಾಗುತ್ತಾರೆ, ಎರಡನೆಯವಳನ್ನು ನೋಡಿಕೊಳ್ಳಲು ಯಾರೂ ಇರುವುದಿಲ್ಲ.